ಪಾಡ್‌ಕಾಸ್ಟ್ ಪಠ್ಯ: ಹಚ್ಚಿದ ಬೆಂಕಿಯೋ, ಹತ್ತಿದ ಬೆಂಕಿಯೋ? ಸುಟ್ಟ ಮನೆ ಓದುವ ವಿಜ್ಞಾನ ಹುಟ್ಟಿದ ಕಥೆ

ಕ್ರೈಮ್ ಕಥೆಗಳನ್ನ ನೀವೆಲ್ಲ ಬೇಕಾದಷ್ಟು ಕೇಳಿರ್ತೀರಿ. ಬೆರಳಚ್ಚು, ರಕ್ತದ ಕಲೆ, ಡಿಎನ್‌ಎ. ಅಂಥ ಕೇಸುಗಳಲ್ಲಿ ತನಿಖೆ ಮಾಡೋರಿಗೆ ಒಂದು ಅನುಕೂಲ ಇದೆ. ಎದೆಗೆ ಚಾಕು ಚುಚ್ಚಿರೋ ಹೆಣ ಸಿಕ್ಕಿದರೆ ಅಪರಾಧ ನಡೆದಿದೆ ಅನ್ನೋದರಲ್ಲಿ ಅನುಮಾನವೇ ಇರಲ್ಲ. ಮಾಡಿದ್ದು ಯಾರು ಅನ್ನೋದಷ್ಟೇ ಪ್ರಶ್ನೆ. ಬೆಂಕಿಯ ವಿಷಯ ಹಾಗಲ್ಲ. ಒಂದು ಮನೆ ಸುಟ್ಟುಹೋಯ್ತು, ಒಳಗಿದ್ದವರು ಸತ್ತರು. ಇದು ಕೊಲೆಯೋ, ದುರಂತವೋ? ಅದನ್ನ ತೀರ್ಮಾನ ಮಾಡೋನೇ ತಜ್ಞ. ಅವನು 'ಹಚ್ಚಿದ್ದು' ಅಂದರೆ ಕೊಲೆ, 'ಹತ್ತಿದ್ದು' ಅಂದರೆ ಆಕಸ್ಮಿಕ. ಒಂದೇ ಪದದ ವ್ಯತ್ಯಾಸ. ಆ ಪದದ ಮೇಲೆ ಒಬ್ಬ ಮನುಷ್ಯನ ಜೀವ ನಿಂತಿರುತ್ತೆ.

ಇವತ್ತು ನಾನು ಹೇಳೋಕೆ ಹೊರಟಿರೋದು ಆ ಪದವನ್ನ ಯಾವ ಆಧಾರದ ಮೇಲೆ ಹೇಳ್ತಿದ್ರು, ಆ ಆಧಾರ ಹೇಗೆ ಕುಸಿಯಿತು ಅನ್ನೋ ಇತಿಹಾಸ. ಕಥೆ ನಡೆಯೋದು ಅಮೆರಿಕದಲ್ಲಿ.

1990ರ ಅಕ್ಟೋಬರ್. ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರ. ಲೈಮ್ ಸ್ಟ್ರೀಟ್ ಅನ್ನೋ ರಸ್ತೆಯ ಒಂದು ಮನೆಗೆ ಬೆಂಕಿ ಬಿದ್ದು ಆರು ಜನ ಸತ್ತರು. ಒಬ್ಬಳು ಗರ್ಭಿಣಿ, ಅವಳ ಸಹೋದರಿ, ಉಳಿದವರು ಮಕ್ಕಳು. ಗಂಡ ಮತ್ತು ಪುಟ್ಟ ಮಗ ಬದುಕಿ ಹೊರಬಂದಿದ್ದರು. ಮಗು ಆಟ ಆಡ್ತಾ ಸೋಫಾಕ್ಕೆ ಬೆಂಕಿ ತಗುಲಿಸಿಬಿಟ್ಟಿತು ಅಂತ ಗಂಡ ಹೇಳಿದ. ತನಿಖಾಧಿಕಾರಿಗಳು ನಂಬಲಿಲ್ಲ. ನೆಲದ ಮೇಲೆ ಯಾರೋ ಪೆಟ್ರೋಲ್ ಸುರಿದ ಹಾಗೆ ಮಡುಗಟ್ಟಿದ ಆಕಾರದ ಸುಟ್ಟ ಗುರುತುಗಳಿದ್ದವು. ಸೋಫಾ ಒಂದರಿಂದ ಇಷ್ಟು ಬೇಗ ಇಷ್ಟು ದೊಡ್ಡ ಬೆಂಕಿ ಬರಲ್ಲ ಅನ್ನೋದು ಅವರ ವಾದ. ಗಂಡನ ಮೇಲೆ ಕೊಲೆ ಆರೋಪ ಬಿತ್ತು.

ಸರ್ಕಾರಿ ವಕೀಲರು ಕೇಸು ಗಟ್ಟಿ ಮಾಡಿಕೊಳ್ಳೋಕೆ ಇಬ್ಬರು ವಿಧಿವಿಜ್ಞಾನಿಗಳನ್ನ ಕರೆಸಿದರು. ಒಬ್ಬರು ಜಾನ್ ಲೆಂಟಿನಿ, ಇನ್ನೊಬ್ಬರು ಜಾನ್ ಡಿಹಾನ್. ನೆನಪಿಡಿ, ಇವರನ್ನ ಕರೆಸಿದ್ದು ಆರೋಪಿ ಕಡೆಯವರಲ್ಲ, ಸರ್ಕಾರದ ಕಡೆಯವರು. ಇವರಿಗೊಂದು ಅಪರೂಪದ ಅವಕಾಶ ಸಿಕ್ಕಿತು. ಪಕ್ಕದಲ್ಲೇ ಹೆಚ್ಚುಕಮ್ಮಿ ಅದೇ ನಕ್ಷೆಯ ಇನ್ನೊಂದು ಮನೆ, ಕೆಡವೋಕೆ ಬಿಟ್ಟಿದ್ದು, ಖಾಲಿ ಇತ್ತು. ಅದಕ್ಕೆ ಅದೇ ಥರದ ಕಾರ್ಪೆಟ್ ಹಾಸಿದರು, ಅದೇ ಥರದ ಸೋಫಾ ತಂದಿಟ್ಟರು. 1991ರ ಆರಂಭದಲ್ಲಿ ಒಂದು ದಿನ ಸೋಫಾಕ್ಕೆ ಬೆಂಕಿ ಕೊಟ್ಟು ಗಡಿಯಾರ ನೋಡುತ್ತಾ ನಿಂತರು. ಪೆಟ್ರೋಲಿಲ್ಲ, ಸೀಮೆಎಣ್ಣೆಯಿಲ್ಲ.

ಕೋಣೆ ಪೂರ್ತಿ ಹೊತ್ತಿಕೊಳ್ಳೋಕೆ ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು ಅಂತ ಅವರ ಅಂದಾಜಿತ್ತು. ಐದು ನಿಮಿಷ ಕೂಡ ಆಗಲಿಲ್ಲ. ಬೆಂಕಿ ಆರಿಸಿ ಒಳಗೆ ಹೋಗಿ ನೋಡಿದರೆ ನೆಲದ ಮೇಲೆ ಅದೇ ಮಡುವಿನ ಆಕಾರದ ಗುರುತುಗಳು. ಒಂದು ಹನಿ ಎಣ್ಣೆ ಬೀಳದ ನೆಲದಲ್ಲಿ! ಆರೋಪ ಹಿಂದಕ್ಕೆ ಪಡೆದರು. ಗಂಡ ಮನೆಗೆ ಹೋದ. ತಮ್ಮ ಲೆಕ್ಕಾಚಾರ ಸುಳ್ಳಾಗಿದ್ದನ್ನ ಆ ಇಬ್ಬರು ವಿಜ್ಞಾನಿಗಳು ಮುಚ್ಚಿಡಲಿಲ್ಲ, ಎಲ್ಲರಿಗೂ ಹೇಳಿದರು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾಗೋ ಜಾಗ ಇದು.

ಆ ಐದು ನಿಮಿಷದೊಳಗೆ ಆಗಿದ್ದೇನು? ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಕೋಣೆಯಲ್ಲಿ ಸೋಫಾ ಉರಿಯುವಾಗ ಬಿಸಿ ಹೊಗೆ ಮೇಲೆ ಹೋಗಿ ಚಾವಣಿಗೆ ಬಡಿದು ಅಲ್ಲೇ ಹರಡುತ್ತೆ. ಹೋಗೋಕೆ ಜಾಗ ಸಾಲದೆ ಪದರ ದಪ್ಪ ಆಗ್ತಾ ಕೆಳಗಿಳಿಯುತ್ತೆ. ಆ ಹೊಗೆಯ ಪದರ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ನಮ್ಮ ತಲೆ ಮೇಲೆ ಕೆಂಡದ ಹಾಸು ಹಿಡಿದ ಹಾಗೆ, ಅದರ ಶಾಖ ಕೆಳಗಿನ ಎಲ್ಲದರ ಮೇಲೂ ಬೀಳುತ್ತೆ. ಕಾರ್ಪೆಟ್, ಟೇಬಲ್, ಪರದೆ, ಮಗುವಿನ ಆಟಿಕೆ ಎಲ್ಲದರಿಂದಲೂ ಆವಿ ಏಳುತ್ತೆ, ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತೆ. ಇದಕ್ಕೆ ಫ್ಲ್ಯಾಶ್‌ಓವರ್ ಅಂತಾರೆ. ಅಲ್ಲಿಯವರೆಗೆ ಅದು ಕೋಣೆಯಲ್ಲಿರೋ ಬೆಂಕಿ, ಅಲ್ಲಿಂದ ಮುಂದೆ ಕೋಣೆಯೇ ಬೆಂಕಿ. ಹಳೆಯ ಕಾಲದ ಹತ್ತಿ, ಮರದ ಪೀಠೋಪಕರಣಕ್ಕೆ ಇದು ನಿಧಾನ. ಈಗಿನ ಸೋಫಾಗಳ ಪಾಲಿಯುರೆಥೇನ್ ಫೋಮ್ ಇದೆಯಲ್ಲ, ಅದನ್ನ ಅಗ್ನಿಶಾಮಕದವರು 'ಘನ ಪೆಟ್ರೋಲ್' ಅಂತಲೇ ಕರೀತಾರೆ.

ಫ್ಲ್ಯಾಶ್‌ಓವರ್ ಆದಮೇಲೆ ಕೋಣೆಯಲ್ಲಿ ಇಂಧನಕ್ಕೆ ಬರವಿಲ್ಲ, ಬರ ಇರೋದು ಗಾಳಿಗೆ. ಹಾಗಾಗಿ ಬೆಂಕಿ ಜೋರಾಗಿ ಉರಿಯೋದು ಶುರುವಾದ ಜಾಗದಲ್ಲಲ್ಲ, ಗಾಳಿ ಒಳಗೆ ಬರೋ ಬಾಗಿಲು, ಕಿಟಕಿ ಹತ್ತಿರ. ನೆಲವೂ ಸುಡುತ್ತೆ, ಅದೂ ಒಂದೇ ಸಮವಾಗಿ ಅಲ್ಲ, ದ್ವೀಪ ದ್ವೀಪವಾಗಿ. ಆರಿಸಿದ ಮೇಲೆ ನೋಡಿದವನಿಗೆ ಯಾರೋ ಏನೋ ಚೆಲ್ಲಿದ ಹಾಗೇ ಕಾಣುತ್ತೆ.

ಹಳೆಯ ತನಿಖಾಧಿಕಾರಿಗಳು ಕಲಿತಿದ್ದೇ ಬೇರೆ. ಬೆಂಕಿ ಮೇಲಕ್ಕೆ ಹೋಗುತ್ತೆ, ಆದ್ದರಿಂದ ನೆಲ ಸುಟ್ಟಿದ್ದರೆ ಎಣ್ಣೆ ಸುರಿದಿದ್ದಾರೆ. ಲೋಹ ಕರಗಿದ್ದರೆ ಎಣ್ಣೆ, ಯಾಕಂದ್ರೆ ಬರೀ ಕಟ್ಟಿಗೆ ಅಷ್ಟು ಬಿಸಿ ಕೊಡಲ್ಲ. ಸುಟ್ಟ ಮರ ಮೊಸಳೆ ಚರ್ಮದ ಹಾಗೆ ದೊಡ್ಡ ಹೊಳೆಯೋ ತುಂಡುಗಳಾಗಿ ಸೀಳಿದ್ದರೆ ಬೆಂಕಿ ವೇಗವಾಗಿತ್ತು, ಅಂದ್ರೆ ಎಣ್ಣೆ. ಕಾಂಕ್ರೀಟ್ ಚಕ್ಕೆ ಎದ್ದಿದ್ದರೆ ಎಣ್ಣೆ. ಕಿಟಕಿ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕಿದ್ದರೆ ಎಣ್ಣೆ. ಎಲ್ಲ ದಾರಿಯೂ ಒಂದೇ ಊರಿಗೆ!

ಇದೆಲ್ಲ ಎಲ್ಲಿಂದ ಬಂತು? ಯಾರೂ ಪ್ರಯೋಗ ಮಾಡಿ ಕಂಡುಕೊಂಡಿದ್ದಲ್ಲ. ಹಿರಿಯ ಅಧಿಕಾರಿ ಕಿರಿಯನಿಗೆ ಸುಟ್ಟ ಮನೆಯಲ್ಲಿ ನಿಂತು ಹೇಳಿಕೊಟ್ಟಿದ್ದು, ಅವನು ಮುಂದಿನವನಿಗೆ ಹೇಳಿದ್ದು. ಪಕ್ಕಾ ಗುರು-ಶಿಷ್ಯ ಪರಂಪರೆ. ಆದರೆ ಸಂಗೀತದಲ್ಲಿ ಶಿಷ್ಯ ಅಪಸ್ವರ ಹಾಡಿದರೆ ಗೊತ್ತಾಗುತ್ತೆ, ಇಲ್ಲಿ ಗೊತ್ತಾಗೋ ದಾರಿಯೇ ಇರಲಿಲ್ಲ. 1977ರಲ್ಲಿ ಅಮೆರಿಕ ಸರ್ಕಾರಕ್ಕಾಗಿ ತಯಾರಾದ ಒಂದು ವರದಿ ಈ ಲಕ್ಷಣಗಳನ್ನೆಲ್ಲ ಪಟ್ಟಿ ಮಾಡಿ, ಇವಕ್ಕೆ ವೈಜ್ಞಾನಿಕ ಪರೀಕ್ಷೆಯ ಆಧಾರ ಸಿಗಲಿಲ್ಲ ಅಂತಲೂ ಬರೆದಿತ್ತು. ಅದಾಗಿ ಮೂರೇ ವರ್ಷಕ್ಕೆ, 1980ರಲ್ಲಿ, ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯ ಕೈಪಿಡಿಯೊಂದು ಇವೇ ನಂಬಿಕೆಗಳಲ್ಲಿ ಹಲವನ್ನ ಅಚ್ಚು ಹಾಕಿತು. ಸರ್ಕಾರಿ ಮುದ್ರೆ ಬಿದ್ದಮೇಲೆ ಕೋರ್ಟಿನಲ್ಲಿ ಯಾರು ಪ್ರಶ್ನೆ ಮಾಡ್ತಾರೆ ಹೇಳಿ.

ಕರಗಿದ ಲೋಹದ ಮಾತನ್ನೇ ತಗೊಳ್ಳಿ. ಅಲ್ಯುಮಿನಿಯಂ ಕರಗೋದು 660 ಡಿಗ್ರಿಗೆ. ಒಲೆ ಮೇಲೆ ಅಲ್ಯುಮಿನಿಯಂ ಪಾತ್ರೆ ಮರೆತು ತಳ ಕರಗಿಸಿಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯೇ? ಪೆಟ್ರೋಲಿನ ಜ್ವಾಲೆಗೂ ಕಟ್ಟಿಗೆಯ ಜ್ವಾಲೆಗೂ ಬಿಸಿಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಪೆಟ್ರೋಲ್ ಬೇಗ ಹರಡುತ್ತೆ, ಅಷ್ಟೇ. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಸಂಗತಿ ಇದು.

ಗಾಜಿನ ಬಿರುಕಿನ ಕಥೆ ಇನ್ನೂ ಚೆನ್ನಾಗಿದೆ. 1991ರ ಅಕ್ಟೋಬರ್ 20ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ ಕಾಳ್ಗಿಚ್ಚು ಎದ್ದು ಸಾವಿರಾರು ಮನೆ ಸುಟ್ಟವು, 25 ಜನ ಸತ್ತರು. ಲೆಂಟಿನಿ ಮತ್ತು ಜೊತೆಯವರು ಇದರಲ್ಲಿ ಒಂದು ಅವಕಾಶ ಕಂಡರು. ಆ ಮನೆಗಳೊಳಗೆ ಯಾರೂ ಪೆಟ್ರೋಲ್ ಸುರಿದಿಲ್ಲ, ಅದು ಖಚಿತ. ಹಾಗಾದರೆ ಅಲ್ಲಿ 'ಎಣ್ಣೆಯ ಲಕ್ಷಣ'ಗಳು ಇರಬಾರದು, ಅಲ್ವಾ? 50 ಮನೆಗಳ ಅವಶೇಷ ಜಾಲಾಡಿದರು. ಕರಗಿದ ಲೋಹ ಧಾರಾಳ ಇತ್ತು. 12 ಮನೆಗಳಲ್ಲಿ ಜೇಡರ ಬಲೆಯ ಬಿರುಕಿನ ಗಾಜೂ ಸಿಕ್ಕಿತು. ಆಮೇಲೆ ಪ್ರಯೋಗಾಲಯದಲ್ಲಿ ಗಾಜನ್ನ ನಿಧಾನಕ್ಕೆ ಕಾಯಿಸಿದರು, ಬೇಗ ಕಾಯಿಸಿದರು. ಆ ಬಿರುಕು ಬರಲಿಲ್ಲ. ಕಾದ ಗಾಜಿಗೆ ನೀರು ಚಿಮುಕಿಸಿದಾಗ ಬಂತು! ಕರೆಂಟ್ ಹೋದಾಗ ಲಾಟೀನು ಹಚ್ಚುತ್ತಿದ್ದ ಕಾಲದವರನ್ನ ಕೇಳಿ, ಉರಿಯೋ ಲಾಟೀನಿನ ಚಿಮಣಿಗೆ ನೀರಿನ ಹನಿ ಬಿದ್ದರೆ ಏನಾಗುತ್ತೆ ಅಂತ. ಅಂದರೆ ಇಷ್ಟು ವರ್ಷ ಕೋರ್ಟುಗಳಲ್ಲಿ ಕೊಲೆಗಾರನ ಗುರುತು ಅಂತ ತೋರಿಸುತ್ತಿದ್ದದ್ದು ಅಗ್ನಿಶಾಮಕದವರ ಪೈಪಿನ ಗುರುತು.

ಇದೆಲ್ಲದರ ಬೆನ್ನಿಗೇ 1992ರಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘ 'ಎನ್‌ಎಫ್‌ಪಿಎ 921' ಅನ್ನೋ ಮಾರ್ಗದರ್ಶಿ ತಂದಿತು. ಅದರ ತಿರುಳು ಇಷ್ಟೇ. ಊಹೆ ಮಾಡಿ, ಆ ಊಹೆಯನ್ನ ಸುಳ್ಳು ಮಾಡೋಕೆ ಪ್ರಯತ್ನಿಸಿ, ಸುಳ್ಳಾಗದಿದ್ದರೆ ಮಾತ್ರ ಹೇಳಿ. ಕೇಳೋಕೆ ಹೈಸ್ಕೂಲ್ ಪಾಠ. ಆದರೆ ವೃತ್ತಿಯಲ್ಲಿದ್ದ ಬಹಳ ಜನ ಇದನ್ನ ತಮ್ಮ ಅನುಭವಕ್ಕೆ ಮಾಡಿದ ಅವಮಾನ ಅಂತ ತಗೊಂಡರು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವಿಮೆ ಮೊಕದ್ದಮೆಯಲ್ಲಿ ಬೆಂಕಿ ತನಿಖಾಧಿಕಾರಿಗಳ ಅಂತರರಾಷ್ಟ್ರೀಯ ಸಂಘವೇ ಕೋರ್ಟಿನ ಮುಂದೆ ಹೋಗಿ, ನಮ್ಮ ಕೆಲಸವನ್ನ ವಿಜ್ಞಾನದ ಮಾನದಂಡದಿಂದ ಅಳೆಯಬೇಡಿ ಅಂತ ವಾದ ಮಾಡಿತು. ಕೋರ್ಟ್ ಒಪ್ಪಲಿಲ್ಲ.

ಸರಿ, ಹಾಗಾದರೆ ಸುಟ್ಟ ಜಾಗದಿಂದ ನಿಜವಾಗಿ ಏನು ತಿಳಿಯಬಹುದು? ಕಣ್ಣಿಗಿಂತ ಪ್ರಯೋಗಾಲಯವನ್ನ ಹೆಚ್ಚು ನಂಬಬಹುದು. ಸುಟ್ಟ ಕಾರ್ಪೆಟ್ಟೋ ಮರದ ಚೂರೋ ತೆಗೆದು ಪೇಂಟ್ ಡಬ್ಬದಂಥ ಗಾಳಿಯಾಡದ ಲೋಹದ ಡಬ್ಬದಲ್ಲಿ ಮುಚ್ಚುತ್ತಾರೆ. ಮಾಮೂಲಿ ಪ್ಲಾಸ್ಟಿಕ್ ಕವರ್ ಆಗಲ್ಲ, ಪೆಟ್ರೋಲಿನ ಆವಿ ಅದರ ಮೂಲಕ ನುಸುಳಿ ಹೋಗುತ್ತೆ, ಹೊರಗಿನದು ಒಳಗೂ ಬರುತ್ತೆ. ಡಬ್ಬದೊಳಗೆ ಇದ್ದಿಲು ಲೇಪಿಸಿದ ಒಂದು ಪುಟ್ಟ ಪಟ್ಟಿ ತೂಗುಹಾಕಿ, ಡಬ್ಬವನ್ನ ಓವನ್ನಿನಲ್ಲಿ ಹಲವು ಗಂಟೆ ಹದವಾಗಿ ಕಾಯಿಸುತ್ತಾರೆ. ಮೇಲೆದ್ದ ಆವಿಯನ್ನ ಇದ್ದಿಲು ಹೀರಿಕೊಳ್ಳುತ್ತೆ. ಅದನ್ನ ದ್ರಾವಕದಲ್ಲಿ ತೊಳೆದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಕೊಟ್ಟರೆ, ಮಿಶ್ರಣದಲ್ಲಿರೋ ಒಂದೊಂದು ರಾಸಾಯನಿಕವೂ ತನ್ನ ಸಮಯಕ್ಕೆ ಹೊರಬರುತ್ತೆ. ಜೊತೆಗಿರೋ ಮಾಸ್ ಸ್ಪೆಕ್ಟ್ರೋಮೀಟರ್ ಅದು ಯಾವುದು ಅಂತ ಗುರುತಿಸುತ್ತೆ. ಕಾಗದದ ಮೇಲೆ ಏಳುಬೀಳಿನ ಒಂದು ಗೆರೆ. ಪೆಟ್ರೋಲಿಗೆ ಒಂದು ಥರದ ಗುಡ್ಡಸಾಲು, ಸೀಮೆಎಣ್ಣೆಗೆ ಇನ್ನೊಂದು, ಡೀಸೆಲ್‌ಗೆ ಮತ್ತೊಂದು.

ಇಲ್ಲೂ ಬಲೆಗಳಿವೆ. ಸುಟ್ಟ ಪೆಟ್ರೋಲಿನಲ್ಲಿ ಹಗುರ ಅಂಶ ಮೊದಲು ಹಾರಿಹೋಗುತ್ತೆ, ಆದ್ದರಿಂದ ಗುಡ್ಡಸಾಲಿನ ಎಡಭಾಗ ಮಾಯ. ಕಾರ್ಪೆಟ್, ಫೋಮ್, ಅಂಟು ಇವೆಲ್ಲ ಸುಟ್ಟಾಗ ಟಾಲ್ವಿನ್‌ನಂಥವನ್ನ ತಾವೇ ಹುಟ್ಟಿಸುತ್ತವೆ, ಟಾಲ್ವಿನ್ ಪೆಟ್ರೋಲಿನಲ್ಲೂ ಇದೆ. ಪೈನ್ ಮರದಲ್ಲಿ ಟರ್ಪೆಂಟೈನಿನ ಅಂಶ ಸಹಜವಾಗೇ ಇರುತ್ತೆ. ಅದಕ್ಕೇ ಬುದ್ಧಿವಂತ ವಿಜ್ಞಾನಿ ಅದೇ ಕಾರ್ಪೆಟ್ಟಿನ ಅನುಮಾನವಿಲ್ಲದ ಜಾಗದಿಂದ ಇನ್ನೊಂದು ತುಂಡನ್ನೂ ಕೇಳ್ತಾನೆ, ಹೋಲಿಸಿ ನೋಡೋಕೆ. ಎಣ್ಣೆ ವಾಸನೆ ಹಿಡಿಯೋ ನಾಯಿಗಳನ್ನೂ ಬಳಸ್ತಾರೆ. ಅವುಗಳ ಮೂಗು ಅದ್ಭುತ, ಆದರೆ ನಾಯಿ ಬೊಗಳಿದ್ದನ್ನ ಪ್ರಯೋಗಾಲಯ ಖಚಿತ ಮಾಡದಿದ್ದರೆ ಅದು ಸಾಕ್ಷಿ ಅಲ್ಲ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಈಗ ಟೆಕ್ಸಸ್‌ಗೆ ಬನ್ನಿ.

1991ರ ಡಿಸೆಂಬರ್ 23. ಕಾರ್ಸಿಕಾನಾ ಅನ್ನೋ ಸಣ್ಣ ಊರು. ಕ್ರಿಸ್‌ಮಸ್‌ಗೆ ಎರಡು ದಿನ. ತಾಯಿ ಉಡುಗೊರೆ ತರೋಕೆ ಹೊರಗೆ ಹೋಗಿದ್ದಳು. ಮನೆಯಲ್ಲಿ 23 ವರ್ಷದ ಅಪ್ಪ ಕ್ಯಾಮರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್, ಎರಡು ವರ್ಷದ ಒಂದು ಹೆಣ್ಣುಮಗು, ಒಂದು ವರ್ಷದ ಅವಳಿ ಹೆಣ್ಣುಮಕ್ಕಳು. ಬೆಂಕಿಯಲ್ಲಿ ಮೂರೂ ಮಕ್ಕಳು ಸತ್ತರು, ಅಪ್ಪ ಉಳಿದ. ಅವನೇನು ಒಳ್ಳೆಯ ಗಂಡ ಅಲ್ಲ. ಹೆಂಡತಿಗೆ ಹೊಡೆಯುತ್ತಿದ್ದ, ಕೆಲಸ ಇರಲಿಲ್ಲ. ಬೆಂಕಿ ಉರಿಯುವಾಗ ಒಳಗೆ ನುಗ್ಗದೆ ಕಾರನ್ನ ದೂರ ಸರಿಸಿದ ಅಂತ ನೆರೆಯವರು ಹೇಳಿದರು. ಊರಿಗೆ ಅಷ್ಟು ಸಾಕಾಗಿತ್ತು.

ರಾಜ್ಯದ ಉಪ ಅಗ್ನಿ ಮಾರ್ಷಲ್ ಮ್ಯಾನ್ಯುಯೆಲ್ ವಾಸ್ಕೆಜ್ ಸ್ಥಳ ನೋಡಿ, ಇದು ಹಚ್ಚಿದ ಬೆಂಕಿ ಅನ್ನೋಕೆ ಇಪ್ಪತ್ತಕ್ಕೂ ಹೆಚ್ಚು ಲಕ್ಷಣ ಇವೆ ಅಂದರು. ಯಾವ ಲಕ್ಷಣ? ನೆಲದ ಮೇಲೆ ಮಡುವಿನ ಗುರುತು. ಬಾಗಿಲಿನ ಕರಗಿದ ಅಲ್ಯುಮಿನಿಯಂ ಹೊಸ್ತಿಲು. ಜೇಡರ ಬಲೆಯ ಗಾಜು. ನೀವು ಆಗಲೇ ಊಹಿಸಿರ್ತೀರಿ. ಅದೇ ಹಳೆಯ ಪಟ್ಟಿ. ಪ್ರಯೋಗಾಲಯಕ್ಕೆ ಹೋದ ಮಾದರಿಗಳಲ್ಲಿ ಒಂದರಲ್ಲಿ ಮಾತ್ರ ಮಿನರಲ್ ಸ್ಪಿರಿಟ್ ಥರದ ಎಣ್ಣೆಯ ಅಂಶ ಸಿಕ್ಕಿತು, ಅದು ಮುಂಬಾಗಿಲ ಹೊಸ್ತಿಲ ಹತ್ತಿರದ್ದು. ಮುಂದಿನ ಜಗಲಿಯಲ್ಲಿ ಇದ್ದಿಲ ಗ್ರಿಲ್ ಇತ್ತು. ಗ್ರಿಲ್ ಹೊತ್ತಿಸೋಕೆ ಬಳಸೋದು ಆ ಜಾತಿಯ ಎಣ್ಣೆಯನ್ನೇ. ಮಕ್ಕಳ ಕೋಣೆಯ ಮಾದರಿಗಳಲ್ಲಿ ಏನೂ ಇರಲಿಲ್ಲ. ಲೈಮ್ ಸ್ಟ್ರೀಟಿನ ಪ್ರಯೋಗ ಆಗಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಆ ಸುದ್ದಿ ಕಾರ್ಸಿಕಾನಾ ತಲುಪಿರಲಿಲ್ಲ.

1992ರ ಆಗಸ್ಟ್‌ನಲ್ಲಿ ವಿಚಾರಣೆ. ತಪ್ಪೊಪ್ಪಿಕೊಂಡರೆ ಜೀವಾವಧಿ ಕೊಡ್ತೀವಿ ಅಂದರು, ವಿಲ್ಲಿಂಗ್‌ಹ್ಯಾಮ್ ಒಪ್ಪಲಿಲ್ಲ. ಜೈಲಿನಲ್ಲಿ ನನ್ನ ಹತ್ತಿರ ಒಪ್ಪಿಕೊಂಡಿದ್ದ ಅಂತ ಒಬ್ಬ ಕೈದಿ ಸಾಕ್ಷಿ ಹೇಳಿದ, ಅವನ ಕಥೆಗೆ ಇನ್ನೊಂದು ಎಪಿಸೋಡೇ ಬೇಕು. ಶಿಕ್ಷೆಯ ಹಂತದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞರು ಅವನ ಮನೆಯಲ್ಲಿದ್ದ ಐರನ್ ಮೇಡನ್, ಲೆಡ್ ಜೆಪ್ಪೆಲಿನ್ ಪೋಸ್ಟರುಗಳನ್ನ ನೋಡಿ ಅವನ ಮನಸ್ಸು ಸಾವಿನ ಕಡೆ ವಾಲಿದೆ ಅನ್ನೋ ಅರ್ಥ ಹೇಳಿದರು. ಹೌದು, ಹೆವಿ ಮೆಟಲ್ ಬ್ಯಾಂಡಿನ ಪೋಸ್ಟರ್. ನಿಮ್ಮ ಫೋನಿನ ಪ್ಲೇಲಿಸ್ಟ್ ಒಂದ್ಸಲ ನೋಡ್ಕೊಳ್ಳಿ. ವಿಚಾರಣೆ ಎರಡು ದಿನ. ಮರಣದಂಡನೆ.

ಹನ್ನೆರಡು ವರ್ಷ ಮೇಲ್ಮನವಿಗಳಲ್ಲಿ ಕಳೆಯಿತು. 2004ರ ಆರಂಭದಲ್ಲಿ, ಗಲ್ಲಿನ ದಿನಾಂಕ ಹತ್ತಿರ ಬಂದಾಗ, ಕಡತ ಆಸ್ಟಿನ್ ನಗರದ ಜೆರಾಲ್ಡ್ ಹರ್ಸ್ಟ್ ಅವರ ಕೈಗೆ ಬಂತು. ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಮಾಡಿ, ಶೀತಲ ಸಮರದ ಕಾಲದಲ್ಲಿ ಸ್ಫೋಟಕಗಳ ಮೇಲೆ ಕೆಲಸ ಮಾಡಿದ್ದ ಮನುಷ್ಯ. ಅಂದರೆ ಏನು ಹೇಗೆ ಉರಿಯುತ್ತೆ ಅಂತ ಲೆಕ್ಕ ಹಾಕೋದೇ ಅವರ ಜೀವನದ ಕಸುಬು. ಹಣ ತಗೊಳ್ಳದೆ ಕಡತ ಓದಿದರು. ವಾಸ್ಕೆಜ್ ಅವರ ಸಾಕ್ಷ್ಯದಲ್ಲಿ ಅವರಿಗೆ ಮೊದಲು ಕಣ್ಣಿಗೆ ಬಿದ್ದಿದ್ದು ಒಂದು ಸಂಖ್ಯೆ. ತಾನು 1,200ರಿಂದ 1,500 ಬೆಂಕಿ ತನಿಖೆ ಮಾಡಿದ್ದೇನೆ, ಹೆಚ್ಚುಕಮ್ಮಿ ಎಲ್ಲವೂ ಹಚ್ಚಿದವೇ ಅಂತ ಅವರು ಹೇಳಿದ್ದರು. ಸುಮ್ಮನೆ ಯೋಚನೆ ಮಾಡಿ. ಒಬ್ಬ ವೈದ್ಯ ಬಂದ ರೋಗಿಗಳಿಗೆಲ್ಲ ಒಂದೇ ಕಾಯಿಲೆ ಅಂದರೆ ನೀವು ಯಾರನ್ನ ಪರೀಕ್ಷೆ ಮಾಡಿಸ್ತೀರಿ?

ಹರ್ಸ್ಟ್ ಒಂದೊಂದೇ ಲಕ್ಷಣ ಹಿಡಿದು ನೋಡಿದರು. ಆ ಮನೆಯಲ್ಲಿ ಫ್ಲ್ಯಾಶ್‌ಓವರ್ ಆಗಿತ್ತು, ಹಾಗಾಗಿ ನೆಲದ ಗುರುತಿಗೆ ಅರ್ಥವಿಲ್ಲ. ಅಲ್ಯುಮಿನಿಯಂ ಯಾವ ಮನೆ ಬೆಂಕಿಯಲ್ಲೂ ಕರಗುತ್ತೆ. ಗಾಜಿನ ಬಿರುಕು ನೀರಿನದು. ಕೊನೆಗೆ ಹಚ್ಚಿದ ಬೆಂಕಿ ಅನ್ನೋಕೆ ಒಂದೂ ಆಧಾರ ಉಳಿಯಲಿಲ್ಲ. ಆತುರಾತುರವಾಗಿ ಬರೆದ ಆ ವರದಿ ಗವರ್ನರ್ ರಿಕ್ ಪೆರಿ ಅವರ ಕಚೇರಿಗೂ ಕ್ಷಮಾದಾನ ಮಂಡಳಿಗೂ ಹೋಯಿತು. ತಡೆ ಸಿಗಲಿಲ್ಲ. 2004ರ ಫೆಬ್ರವರಿ 17ರಂದು ವಿಷದ ಇಂಜೆಕ್ಷನ್ ಕೊಟ್ಟು ವಿಲ್ಲಿಂಗ್‌ಹ್ಯಾಮ್‌ನನ್ನ ಕೊಂದರು. ಅವನಿಗೆ 36 ವರ್ಷ.

ಅದೇ ವರ್ಷ, ಅದೇ ರಾಜ್ಯ. ಅರ್ನೆಸ್ಟ್ ವಿಲ್ಲಿಸ್ ಅನ್ನೋ ಇನ್ನೊಬ್ಬ ಮರಣದಂಡನೆಯ ಕೈದಿ, 1986ರ ಒಂದು ಮನೆ ಬೆಂಕಿಯ ಕೇಸು, ಸಾಕ್ಷ್ಯ ಹೆಚ್ಚುಕಡಿಮೆ ಇದೇ ಥರದ್ದು. ಅಲ್ಲಿ ಮರುವಿಚಾರಣೆ ನಡೆಸಬೇಕಾಗಿದ್ದ ಸರ್ಕಾರಿ ವಕೀಲರೇ ಹರ್ಸ್ಟ್ ಅವರನ್ನ ಕೇಳಿದರು. ಹರ್ಸ್ಟ್ ಅದೇ ಉತ್ತರ ಕೊಟ್ಟರು. ಅಕ್ಟೋಬರ್‌ನಲ್ಲಿ ವಿಲ್ಲಿಸ್ ಬಿಡುಗಡೆ, 17 ವರ್ಷದ ನಂತರ. ಇಬ್ಬರ ನಡುವೆ ಎಂಟು ತಿಂಗಳೂ ಇಲ್ಲ. ವ್ಯತ್ಯಾಸ ವಿಜ್ಞಾನದಲ್ಲಿರಲಿಲ್ಲ. ವರದಿಯನ್ನ ಓದಿದ ಕೈಯಲ್ಲಿತ್ತು.

ವಿಲ್ಲಿಂಗ್‌ಹ್ಯಾಮ್ ನಿರಪರಾಧಿಯೇ ಅಂತ ಯಾರಾದರೂ ನನ್ನ ಕೇಳಿದರೆ, ಆ ಪ್ರಶ್ನೆಗಿಂತ ಮೊದಲಿನ ಪ್ರಶ್ನೆಯೇ ಬಿದ್ದುಹೋಗಿದೆ ಅಂತೀನಿ. ಅಲ್ಲೊಂದು ಅಪರಾಧ ನಡೆದಿತ್ತು ಅನ್ನೋಕೇ ಪುರಾವೆ ಇಲ್ಲ.

ಇದು ಒಬ್ಬ ಅಧಿಕಾರಿಯ ದಡ್ಡತನ ಅಂದುಕೊಳ್ಳಬೇಡಿ. 2005ರಲ್ಲಿ ಲಾಸ್ ವೇಗಸ್‌ನಲ್ಲಿ ಬೆಂಕಿ ತನಿಖಾಧಿಕಾರಿಗಳಿಗೇ ಒಂದು ಪರೀಕ್ಷೆ ಇಟ್ಟರು. ಕೋಣೆಗೆ ಬೆಂಕಿ ಕೊಟ್ಟು, ಫ್ಲ್ಯಾಶ್‌ಓವರ್ ಆದ ಮೇಲೆ ಸುಮಾರು ಎರಡು ನಿಮಿಷ ಉರಿಯೋಕೆ ಬಿಟ್ಟು ಆರಿಸಿದರು. ಕೋಣೆಯನ್ನ ನಾಲ್ಕು ಭಾಗ ಮಾಡಿ, ಬೆಂಕಿ ಶುರುವಾಗಿದ್ದು ಯಾವ ಭಾಗದಲ್ಲಿ ಅಂತ ಕೇಳಿದರು. 53 ಜನರಲ್ಲಿ ಸರಿ ಹೇಳಿದ್ದು 3 ಜನ. ಎರಡನೇ ಕೋಣೆಯಲ್ಲೂ 3 ಜನ. ಕಣ್ಣು ಮುಚ್ಚಿ ಊಹಿಸಿದ್ದರೂ ಕಾಲು ಭಾಗ ಸರಿ ಬರಬೇಕಿತ್ತು! ಅಂದರೆ ಬೆಂಕಿಯ ಗುರುತುಗಳು ಅವರಿಗೆ ಸಹಾಯ ಮಾಡಲಿಲ್ಲ, ದಾರಿ ತಪ್ಪಿಸಿದವು. ಹೆಚ್ಚು ಸುಟ್ಟ ಜಾಗವೇ ಮೂಲ ಅಂತ ಬಹಳ ಜನ ನಂಬಿದ್ದರು. ಅದು ಗಾಳಿ ಬರುತ್ತಿದ್ದ ಜಾಗ.

2005ರಲ್ಲೇ ಟೆಕ್ಸಸ್ ವಿಧಿವಿಜ್ಞಾನ ಆಯೋಗ ಅಂತ ಒಂದನ್ನ ಮಾಡಿತು. ಆಯೋಗ ಕ್ರೇಗ್ ಬೇಲರ್ ಅನ್ನೋ ಅಗ್ನಿ ವಿಜ್ಞಾನಿಗೆ ಈ ಕೇಸನ್ನ ಒಪ್ಪಿಸಿತು. 2009ರ ಆಗಸ್ಟ್‌ನಲ್ಲಿ ಅವರು ಕೊಟ್ಟ ವರದಿ ಹರ್ಸ್ಟ್ ಹೇಳಿದ್ದನ್ನೇ ಇನ್ನೂ ಕಟುವಾಗಿ ಹೇಳಿತು. ಬೇಲರ್ ಆಯೋಗದ ಮುಂದೆ ಮಾತಾಡೋಕೆ ಎರಡು ದಿನ ಇದೆ ಅನ್ನುವಾಗ ಗವರ್ನರ್ ಪೆರಿ ಅಧ್ಯಕ್ಷರೂ ಸೇರಿ ಮೂವರು ಸದಸ್ಯರನ್ನ ಬದಲಾಯಿಸಿದರು. ಸಭೆ ರದ್ದಾಯಿತು. 2011ರಲ್ಲಿ ರಾಜ್ಯದ ಅಟಾರ್ನಿ ಜನರಲ್, ಅಷ್ಟು ಹಳೆಯ ಸಾಕ್ಷ್ಯದ ಮೇಲೆ ಆಯೋಗಕ್ಕೆ ಅಧಿಕಾರ ಇಲ್ಲ ಅಂದರು.

ಆದರೂ ಅಲ್ಲಿಗೆ ನಿಲ್ಲಲಿಲ್ಲ. 2013ರಲ್ಲಿ ಟೆಕ್ಸಸ್ ಒಂದು ಕಾನೂನು ತಂದಿತು. ಶಿಕ್ಷೆಗೆ ಕಾರಣವಾದ ವಿಜ್ಞಾನ ಆಮೇಲೆ ಬದಲಾಗಿದ್ದರೆ ಕೈದಿ ಮತ್ತೆ ಕೋರ್ಟಿಗೆ ಹೋಗಬಹುದು. ಅದೇ ಹೊತ್ತಿಗೆ ರಾಜ್ಯದ ಅಗ್ನಿ ಮಾರ್ಷಲ್ ಕಚೇರಿ, ಅಂದರೆ ವಾಸ್ಕೆಜ್ ಕೆಲಸ ಮಾಡಿದ್ದ ಅದೇ ಕಚೇರಿ, ವಿಜ್ಞಾನಿಗಳ ತಂಡ ಕೂರಿಸಿ ಹಳೆಯ ಬೆಂಕಿ ಕೇಸುಗಳನ್ನ ಮತ್ತೆ ತೆರೆದು ಓದಿಸತೊಡಗಿತು. ಹರ್ಸ್ಟ್ 2015ರಲ್ಲಿ ತೀರಿಕೊಂಡರು. ವಿಲ್ಲಿಂಗ್‌ಹ್ಯಾಮ್‌ಗೆ ಮರಣೋತ್ತರ ಕ್ಷಮಾದಾನ ಕೊಡಿ ಅಂತ ಕುಟುಂಬದವರು ಹಾಕಿದ್ದ ಅರ್ಜಿಯನ್ನ ಕ್ಷಮಾದಾನ ಮಂಡಳಿ ಅದಕ್ಕೂ ಒಂದು ವರ್ಷ ಮೊದಲು, 2014ರಲ್ಲಿ, ತಿರಸ್ಕರಿಸಿತ್ತು.